ಉತ್ತರ ಕೊಡದ ವಿಮಾನ

ಉಪ್ಪುಂದದ ಕಡಲ ಬದಿಯ ಕೇರಿಯಲ್ಲಿ ಕೊರಗ ಮೊಗವೀರನ ಮಗಳು ಹರಿಣಾಕ್ಷಿ ವಿಮಾನ ಬಿಡಲು ಕಲಿಯುತ್ತಾಳಂತೆ ಎಂಬ ಸುದ್ದಿ ಬಂದಾಗ ಮೊದಲು ಯಾರೂ ನಂಬಿರಲಿಲ್ಲ. ಅವಳ ತಾಯಿ ಸೀತು ಬುಟ್ಟಿ ಹೊತ್ತು ಬಿಜೂರಿನ ಮನೆಮನೆಗೆ ಮೀನು ಕೊಡುತ್ತಿದ್ದವಳು. ಅಲ್ಲಿನ ಹೆಂಗಸರು ಬಂಗುಡೆಯ ಕಿವಿರು ಎತ್ತಿ ನೋಡುತ್ತ, "ಎಂತ ಸೀತು, ನಿನ್ ಹೆಣ್ಣ್ ವಿಮಾನ ಬಿಡತ್ತಂಬ್ರಲೆ, ಹೌದಾ?" ಎಂದು ಕೇಳುತ್ತಿದ್ದರು. ಸೀತು ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. "ಅದ್ ಕಲ್ತ್ ಬಂದ್ ಮೇಲೆ ಹೇಳ್ತೆ. ಈಗ ಮೀನ್ ಬೇಕಾ, ಬ್ಯಾಡದಾ?" ಎನ್ನುತ್ತಿದ್ದಳು.

ಹರಿಣಾಕ್ಷಿ ಬೈಂದೂರಿನಲ್ಲಿ ಪಿಯುಸಿ ಮುಗಿಸಿ, ಕುಂದಾಪುರದಲ್ಲಿ ಬಿ.ಎಸ್ಸಿ. ಮಾಡಿ, ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ಉತ್ತರದ ಕಡೆ ತರಬೇತಿಗೆ ಹೋದಳು. ಅಲ್ಲಿ ಅವಳ ಹಿಂದಿಯನ್ನೂ ಇಂಗ್ಲಿಷನ್ನೂ ಕೇಳಿ ನಕ್ಕವರಿದ್ದರು. ನಕ್ಕವರಲ್ಲಿ ಇಬ್ಬರು ನಡುವೆ ಬಿಟ್ಟು ಹೋದರು, ಅವಳು ಬಿಡಲಿಲ್ಲ. ಇಪ್ಪತ್ತಾರನೆಯ ವಯಸ್ಸಿಗೆ ಎಪ್ಪತ್ತೆರಡು ಸೀಟಿನ, ಎರಡು ಪಂಖದ ಪ್ರಯಾಣಿಕರ ವಿಮಾನದಲ್ಲಿ ಬಲಗಡೆಯ ಆಸನದಲ್ಲಿ, ಸಹಪೈಲಟ್ ಆಗಿ ಕುಳಿತಳು. ಈಗ ಅವಳಿಗೆ ಮೂವತ್ತೊಂದು. ಮಂಗಳೂರಿಂದ ಮುಂಬೈಗೆ ವಾರಕ್ಕೆ ಮೂರು ಸಲ ಹಾರುತ್ತಾಳೆ. ಆ ದಾರಿ ಅವಳ ಊರಿನ ಕಡಲ ಮೇಲೆಯೇ ಹಾದುಹೋಗುತ್ತದೆ.

ಅಣ್ಣ ಜಿತೇಂದ್ರ ಅಪ್ಪನ ನಾಡದೋಣಿಯನ್ನೇ ನಡೆಸುತ್ತಾನೆ. ಊರಿಗೆ ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ: "ಮೇಲಿಂದ ನಮ್ ದೋಣಿ ಕಾಂತಾ?"

"ಕಾಂತ್. ನೀ ಕೆಲ್ಸ ಮಾಡ್ದೆ ಮನಿಕಂಡದ್ದೂ ಕಾಂತ್" ಎಂದು ಅವಳು ರೇಗಿಸುತ್ತಾಳೆ.

ಕಳೆದ ಜನವರಿಯ ಒಂದು ಮಂಗಳವಾರದ ಬೆಳಗಿನವರೆಗೆ ಅವಳ ಬದುಕಿನಲ್ಲಿ ಊರವರು ಹೇಳಿಕೊಳ್ಳುವಂಥದ್ದು ಇಷ್ಟೇ ಇತ್ತು.

ಅಂದು ಹನ್ನೊಂದು ಗಂಟೆಗೆ ಸ್ವಲ್ಪ ಮೊದಲು ಮಂಗಳೂರು ಬಿಟ್ಟರು. ಎಡಗಡೆಯ ಆಸನದಲ್ಲಿ ಕ್ಯಾಪ್ಟನ್ ಸುಶಾಂತ್. ಮೈಸೂರಿನವರು, ಮಿತಭಾಷಿ, ಈ ಕೆಲಸಕ್ಕೆ ಬರುವ ಮೊದಲು ಹನ್ನೊಂದು ವರ್ಷ ಸಣ್ಣ ವಿಮಾನಗಳಲ್ಲಿ ಹುಡುಗರಿಗೆ ಹಾರಾಟ ಕಲಿಸಿದವರು. ಆಕಾಶ ತೊಳೆದಿಟ್ಟ ಹಾಗಿತ್ತು. ಹಿಂದೆ ಅರವತ್ತೆಂಟು ಪ್ರಯಾಣಿಕರು. ಕುಂದಾಪುರದ ಕೋಡಿಯ ದೀಪಸ್ತಂಭ ಬಲಗಡೆ ಕಂಡು ಮಾಯವಾಗುವಷ್ಟರಲ್ಲಿ ಹರಿಣಾಕ್ಷಿಯ ಕಿವಿಗೆ ನೆಲದ ನಿಯಂತ್ರಕರ ಸ್ವರ ಬಿತ್ತು. ಅವರು ಯಾವುದೋ ಸರ್ವೆ ವಿಮಾನವನ್ನು ಕರೆಯುತ್ತಿದ್ದರು. ಒಂದು ಸಲ ಕರೆದು ನಿಲ್ಲಿಸಿದರು. ಮತ್ತೆ ಕರೆದರು. ಐದನೆಯ ಸಲ ಕರೆಯುವಾಗ ಆ ಸ್ವರದಲ್ಲಿ ಮೊದಲಿನ ಸಾವಧಾನ ಇರಲಿಲ್ಲ.

ಆಮೇಲೆ ಇವರಿಗೇ ಕರೆ ಬಂತು. ಕಡಲ ಕೊರೆತದ ಚಿತ್ರ ತೆಗೆಯುವ ನಾಲ್ಕು ಸೀಟಿನ, ಒಂದೇ ಇಂಜಿನ್ನಿನ ವಿಮಾನ. ಬೆಳಿಗ್ಗೆ ಮಂಗಳೂರಿಂದ ಹೊರಟದ್ದು ಮರವಂತೆಯ ಹತ್ತಿರ ತಿರುಗಿ ವಾಪಸು ಬರಬೇಕಿತ್ತು. ತಿರುಗಲಿಲ್ಲ. ಆರು ಸಾವಿರ ಅಡಿ ಎತ್ತರದಲ್ಲಿ, ಗೆರೆ ಎಳೆದ ಹಾಗೆ ಉತ್ತರಕ್ಕೆ ಹೋಗುತ್ತಿದೆ. ಕರೆದರೆ ಉತ್ತರವಿಲ್ಲ. ನೀವು ಹತ್ತಿರ ಇದ್ದೀರಿ, ತುರ್ತು ಕರೆಯ ತರಂಗದಲ್ಲಿ ಒಮ್ಮೆ ಕರೆದು ನೋಡಿ.

ಸುಶಾಂತ್ ಮೂರು ಸಲ ಕರೆದರು. ಕಿವಿಯಲ್ಲಿ ಬರೀ ಮೊರೆತ. ನಡುವೆ ಒಮ್ಮೆ 'ಟಕ್' ಎಂದಂತಾಯಿತು. ಅಂಥ ಸದ್ದು ರೇಡಿಯೋದಲ್ಲಿ ದಿನಕ್ಕೆ ನೂರು ಬರುತ್ತದೆ. ಇಬ್ಬರೂ ಗಮನ ಕೊಡಲಿಲ್ಲ.

"ಎದುರಿಗೆ ಏನಿದೆ ಗೊತ್ತಲ್ಲ?" ಎಂದರು ಸುಶಾಂತ್.

ಹರಿಣಾಕ್ಷಿಗೆ ಗೊತ್ತಿತ್ತು. ಆ ದಿಕ್ಕಿನಲ್ಲಿ ಹೀಗೇ ಹೋದರೆ ನೌಕಾಪಡೆಯ ನಿಷೇಧಿತ ಆಕಾಶ. ಅಪ್ಪಣೆಯಿಲ್ಲದೆ ಅದರೊಳಗೆ ಹೊಕ್ಕರೆ ಹೊಡೆದು ಬೀಳಿಸಲೂಬಹುದು. ಅದೂ ಆ ವಾರ ಅಲ್ಲಿ ಕಟ್ಟೆಚ್ಚರವಿತ್ತು. ಅಪರಿಚಿತ ದೋಣಿ ಕಂಡರೆ ತಿಳಿಸಬೇಕೆಂದು ಉಪ್ಪುಂದದ ಮೀನುಗಾರರಿಗೂ ಪೊಲೀಸರು ಬಂದು ಹೇಳಿ ಹೋಗಿದ್ದರು.

ಬೈಂದೂರು ದಾಟುವಾಗ ಅವಳಿಗೆ ಆ ವಿಮಾನ ಕಂಡಿತು. ಬಲಗಡೆ, ತುಂಬ ಕೆಳಗೆ, ಕಡಲು ಮತ್ತು ಮರಳು ಕೂಡುವ ಗೆರೆಯ ಮೇಲೆ ಬಿಳಿಯ ಶಿಲುಬೆಯ ಹಾಗೆ. ಅದು ಓಲಾಡುತ್ತಿರಲಿಲ್ಲ. ಓಲಾಡಿದ್ದರೆ ಅವಳಿಗೆ ಇಷ್ಟು ದಿಗಿಲಾಗುತ್ತಿರಲಿಲ್ಲವೇನೋ. ಯಾರ ಕೈಯೂ ಹಿಡಿದಿಲ್ಲದ, ಯಂತ್ರವೇ ನಡೆಸುತ್ತಿದ್ದ ನೇರ ನಡೆ ಅದು. ಅದರ ಮೇಲೆ ಕಣ್ಣಿಡಬೇಕೆಂದು ನಿಯಂತ್ರಕರು ಕೇಳಿದ್ದರಿಂದ ಸುಶಾಂತ್ ಕಡಲ ಮೇಲೆ ಅಗಲವಾಗಿ ಸುತ್ತು ಹಾಕುತ್ತ ಹಿಂಬಾಲಿಸಿದರು. ಸ್ವಲ್ಪ ತಡವಾಗುತ್ತದೆಂದು ಪ್ರಯಾಣಿಕರಿಗೆ ಹೇಳಿಸಿದರು.

ಭಟ್ಕಳ ಕಳೆಯುವಷ್ಟರಲ್ಲಿ ಉತ್ತರದಿಂದ ಎರಡು ಯುದ್ಧವಿಮಾನಗಳು ಬಂದವು. ರೇಡಿಯೋದಲ್ಲಿ ಅವುಗಳ ಹೆಸರು ಬಾಣ ಒಂದು, ಬಾಣ ಎರಡು. ಅಲ್ಲಿಂದ ಮುಂದೆ ಎಲ್ಲರೂ ಆ ತುರ್ತು ತರಂಗದಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು: ಆ ಇಬ್ಬರು, ಇವರು, ನಿಯಂತ್ರಕರು, ಮೇಲೆ ಬಹಳ ಎತ್ತರದಲ್ಲಿ ಕೊಚ್ಚಿಯಿಂದ ಮುಂಬೈಗೆ ಹೋಗುತ್ತಿದ್ದ ದೊಡ್ಡ ವಿಮಾನದ ಪೈಲಟ್ ಒಬ್ಬರು.

ಬಾಣ ಒಂದರ ಸ್ವರ ಎಳೆಯದು, ಶಾಂತವಾದದ್ದು. "ಅದರ ಪಕ್ಕದಲ್ಲೇ ಹಾರಲು ಆಗುವುದಿಲ್ಲ, ನಮಗದು ತೀರಾ ನಿಧಾನ. ದಾಟುವಾಗ ಒಂದೆರಡು ಸೆಕೆಂಡು ಕಾಣುತ್ತದೆ, ಅಷ್ಟೇ. ಎಡಗಡೆ ಒಬ್ಬರು, ತಲೆ ಎದೆಯ ಮೇಲೆ ಬಿದ್ದಿದೆ. ಬಲಗಡೆ ಇನ್ನೊಬ್ಬರು ಇದ್ದಂತಿದೆ. ಬಿಸಿಲಿಗೆ ಗಾಜು ಹೊಳೆಯುತ್ತಿದೆ."

"ಅಲುಗಾಟ?" ಎಂದರು ನಿಯಂತ್ರಕರು.

"ಹೇಳಲಾರೆ."

ಬಾಣ ಎರಡು ಮುಂದಿನಿಂದ ಹಾದು ರೆಕ್ಕೆ ಅಲ್ಲಾಡಿಸಿತು. ಅದು 'ನನ್ನ ಹಿಂದೆ ಬಾ' ಎಂಬ ಸನ್ನೆ. ಸಣ್ಣ ವಿಮಾನ ಮುಂದಕ್ಕೇ ಹೋಯಿತು. ಎದುರಿಗೆ ಉರಿಯುವ ಎಚ್ಚರಿಕೆಯ ಬತ್ತಿಗಳನ್ನು ಉದುರಿಸಿದರು. ಹಗಲಲ್ಲೂ ಕಣ್ಣು ಕುಕ್ಕುವ ಬೆಂಕಿ. ಅದಕ್ಕೂ ಜಗ್ಗಲಿಲ್ಲ.

ಕೊಚ್ಚಿಯ ಕಡೆಯ ಪೈಲಟ್ ಹೇಳಿದರು: "ಒಳಗೆ ವಿಷಗಾಳಿ ತುಂಬಿಕೊಂಡರೆ ಹೀಗಾಗುತ್ತದೆ. ಇಂಧನ ಮುಗಿಯುವ ತನಕ ಹೋಗುತ್ತದೆ."

"ಎಷ್ಟಿದೆ ಇಂಧನ?" ಎಂದು ಸುಶಾಂತ್ ಕೇಳಿದರು.

"ಎರಡು ಗಂಟೆಗೆ ಸಾಕಾಗುವಷ್ಟು" ಎಂದರು ನಿಯಂತ್ರಕರು. ಸ್ವಲ್ಪ ತಡೆದು, "ನಿಷೇಧಿತ ಗಡಿ ದಾಟಿದೆ. ಬಾಣ ಒಂದು, ಆದೇಶಕ್ಕೆ ಕಾಯಿರಿ" ಎಂದರು.

ಯಾವ ಆದೇಶ ಎಂದು ಯಾರೂ ಕೇಳಲಿಲ್ಲ. ಬಾಣ ಒಂದರ ಪೈಲಟ್, "ಕೆಳಗೆ ಊರಿದೆ. ಏನಾದರೂ ಮಾಡುವುದಿದ್ದರೆ ಕಡಲ ಮೇಲಿರುವಾಗ ಆಗಬೇಕು" ಎಂದ. ಬಾಣ ಎರಡರವನು, "ಒಳಗೆ ಜೀವ ಇದೆಯೋ ಇಲ್ಲವೋ ತಿಳಿಯದೆ ಹೇಗೆ?" ಎಂದ.

ಆ ಕಾಯುವಿಕೆ ಹರಿಣಾಕ್ಷಿಗೆ ತಡೆಯಲಾಗಲಿಲ್ಲ. ಏಕೆ ಹಾಗೆ ಹೇಳಿದೆನೆಂದು ಅವಳು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ಆ ಇಬ್ಬರು ಎಳೆಯರ ಹೊರೆ ಇಳಿಯಲಿ ಎಂದಿರಬಹುದು. ಅನಿಸಿದ್ದನ್ನು ಆಡಿಬಿಟ್ಟದ್ದೂ ಇರಬಹುದು. ಅವಳು ಮೈಕಿನ ಗುಂಡಿ ಒತ್ತಿ ಹೇಳಿದಳು:

"ಅದರಲ್ಲಿ ಯಾರೂ ಉಳಿದಿರಲಿಕ್ಕಿಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ಉತ್ತರ ಕೊಡುತ್ತಿದ್ದರು."

ಅವಳು ಗುಂಡಿಯಿಂದ ಬೆರಳು ತೆಗೆದ ಕೂಡಲೇ ಕಿವಿಯಲ್ಲಿ ಟಕ್ ಟಕ್ ಟಕ್ ಟಕ್ ಎಂದು ಹುಚ್ಚು ಹಿಡಿದ ಹಾಗೆ ಸದ್ದು ಸುರಿಯಿತು. ನಿಂತಿತು. ಮತ್ತೆ ಸುರಿಯಿತು.

ಅವಳು ಸುಶಾಂತರ ತೋಳು ಹಿಡಿದುಕೊಂಡಳು. "ಸರ್, ಅದು ಸುಮ್ಮನೆ ಬರುವ ಸದ್ದಲ್ಲ. ಯಾರೋ ಮೈಕಿನ ಗುಂಡಿ ಒತ್ತುತ್ತಿದ್ದಾರೆ. ಮಾತು ಹೊರಗೆ ಬರುತ್ತಿಲ್ಲ ಅಷ್ಟೇ."

ಸುಶಾಂತ್ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ತುರ್ತು ತರಂಗದಲ್ಲಿ, ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಬಿಡಿಯಾಗಿ ಕೇಳಿದರು: ಸರ್ವೆ ವಿಮಾನದಲ್ಲಿರುವವರೇ, ನನ್ನ ಮಾತು ಕೇಳಿಸುತ್ತಿದ್ದರೆ ಮೂರು ಸಲ ಒತ್ತಿ.

ಟಕ್. ಟಕ್. ಟಕ್.

ಯಾರೋ ದೇವರ ಹೆಸರು ಹೇಳಿದರು. ಬಾಣ ಒಂದೋ ಎರಡೋ ತಿಳಿಯಲಿಲ್ಲ.

ಅಷ್ಟರಲ್ಲಿ ನಿಯಂತ್ರಕರು ಆ ವಿಮಾನದ ಕಂಪನಿಗೆ ಫೋನು ಮಾಡಿ ತಿಳಿದುಕೊಂಡಿದ್ದರು. ಪೈಲಟ್ ಅರವತ್ತು ದಾಟಿದವರು, ನಾಗಪುರದ ಕಡೆಯವರು. ಜೊತೆಗೆ ಚಿತ್ರ ತೆಗೆಯುವ ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ, ಹೆಸರು ವಿನಯಾ, ಊರು ಬಾರ್ಕೂರು.

"ಬಾರ್ಕೂರು" ಎಂದಳು ಹರಿಣಾಕ್ಷಿ. "ಸರ್, ನಾನು ಮಾತಾಡಲಾ? ನಮ್ಮ ಮಾತಲ್ಲಿ?"

ನಿಯಂತ್ರಕರು ಏನೋ ಹೇಳುವ ಮೊದಲೇ ಬಾಣ ಒಂದರ ಪೈಲಟ್, "ಯಾವ ಭಾಷೆಯಾದರೂ ಆಗಲಿ, ಎಡಕ್ಕೆ, ಕಡಲ ಕಡೆಗೆ ತಿರುಗಿಸಲು ಹೇಳಿ. ನನಗೆ ನಾಲ್ಕು ನಿಮಿಷ ಕೊಟ್ಟಿದ್ದಾರೆ" ಎಂದ.

ತುರ್ತು ತರಂಗದಲ್ಲಿ ಅಂದಿನವರೆಗೆ ಯಾರೂ ಆಡಿರಲಾರದ ಮಾತನ್ನು ಹರಿಣಾಕ್ಷಿ ಆಡಿದಳು. "ಹ್ವಾಯ್ ವಿನಯಾ, ನಾನ್ ಉಪ್ಪುಂದದ ಹರಿಣಾಕ್ಷಿ. ಹೆದ್ರಬ್ಯಾಡ. ಹೌದಾರೆ ಒಂದ್ ಸಲ ಒತ್ತ್, ಇಲ್ದಿದ್ರೆ ಎರಡ್ ಸಲ. ಪೈಲಟ್ರಿಗ್ ಎಚ್ರ ಇತ್ತಾ?"

ಎರಡು.

"ಉಸ್ರಾಡ್ತ್ರಾ?"

ಸ್ವಲ್ಪ ತಡೆದು, ಎರಡು.

"ನಿಂಗ್ ತಲಿ ತಿರ್ಗತ್ತಾ?"

ಒಂದು.

"ನಿನ್ ಬದಿಯ ಕಿಟ್ಕಿ ಪೂರಾ ತೆಗಿ. ಮೂಗ್ ಹೊರ್ಗ್ ಹಾಕ್ ಬೇಕಾರೆ. ತೆಗ್ದ್ಯಾ?"

ಒಂದು.

ಆ ಮಾದರಿಯ ವಿಮಾನದಲ್ಲಿ ಯಾವ ಗುಂಡಿ ಎಲ್ಲಿದೆ ಎಂದು ಸುಶಾಂತರಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅವರು ಹೇಳಿದರು, ಇವಳು ಊರಿನ ಮಾತಿಗೆ ತಿರುಗಿಸಿದಳು. ಎದುರಿನ ಹಲಗೆಯಲ್ಲಿ ದಿಕ್ಕು ಬದಲಿಸಲು ಎಚ್‌ಡಿಜಿ ಎಂದು ಬರೆದ ತಿರುಗಣೆ ಇದೆ, ಅದನ್ನು ಎಡಕ್ಕೆ, ನಿಧಾನ, ನಲ್ಲಿ ತಿರುಗಿಸಿದ ಹಾಗೆ. "ಗಡ್ಬಿಡಿ ಮಾಡ್ಬ್ಯಾಡ. ವಿಮಾನ ತಾನಾಗಿ ಬಗ್ಗತ್ತ್, ಬಗ್ಗ್‌ಲಿ."

ನಾಲ್ಕು ನಿಮಿಷದಲ್ಲಿ ಮೂರು ಮುಗಿದಿದ್ದವು. ಬಿಳಿಯ ಶಿಲುಬೆ ಒಂದು ಮಗ್ಗುಲಿಗೆ ವಾಲಿತು. ವಾಲಿ, ಮೂತಿಯನ್ನು ಪಡುವಣಕ್ಕೆ ಹೊರಳಿಸಿತು. "ತಿರುಗುತ್ತಿದೆ" ಎಂದ ಬಾಣ ಒಂದು. "ತಿರುಗುತ್ತಿದೆ. ದಯವಿಟ್ಟು ಮೇಲಿನವರಿಗೆ ತಿಳಿಸಿ, ತಿರುಗುತ್ತಿದೆ."

ಅದು ಕಡಲ ಮೇಲೆ ಅರ್ಧ ಸುತ್ತು ಹಾಕಿ ದಕ್ಷಿಣಕ್ಕೆ ಮುಖ ಮಾಡಿತು. ಆದರೆ ಗಂಡಾಂತರ ಕಳೆದಿರಲಿಲ್ಲ. ವಿಷಗಾಳಿ ಬರುವುದು ಇಂಜಿನ್ನಿನಿಂದ; ಇಂಜಿನ್ ಓಡುವಷ್ಟು ಹೊತ್ತೂ ಬರುತ್ತಲೇ ಇರುತ್ತದೆ. ಕಿಟಕಿ ತೆರೆದರೂ ವಿನಯಾಳ ಉತ್ತರಗಳು ತಡವಾಗತೊಡಗಿದವು. ಒಮ್ಮೆ ಹರಿಣಾಕ್ಷಿ ಹೆಸರು ಹಿಡಿದು ನಾಲ್ಕು ಸಲ ಕರೆದ ಮೇಲೆ ಒಂದು 'ಟಕ್' ಬಂತು. ಮಂಗಳೂರು ತಲುಪಲು ಮುಕ್ಕಾಲು ಗಂಟೆ ಬೇಕು. ಸುಶಾಂತ್ ಮೈಕನ್ನು ಮುಚ್ಚಿಕೊಂಡು, "ಅಷ್ಟು ಹೊತ್ತು ಅವಳು ಎಚ್ಚರ ಇರೋಲ್ಲ. ನೀರಿಗೇ ಇಳಿಸಬೇಕು" ಎಂದರು.

"ನೀರಿಗೆ ಇಳಿದರೆ?"

"ಗಾಲಿ ತಾಗಿದ ತಕ್ಷಣ ಮಗುಚುತ್ತೆ. ಮೊದಲೇ ಬಾಗಿಲು ತೆಗೆದಿದ್ದರೆ ಹೊರಗೆ ಬರಬಹುದು. ಯಾರಾದರೂ ಐದು ನಿಮಿಷದೊಳಗೆ ಹತ್ತಿರ ಹೋಗಬೇಕು. ಕರಾವಳಿ ಕಾವಲಿನ ಹಡಗು ಒಂದು ಗಂಟೆ ದೂರ ಇದೆ."

ಹರಿಣಾಕ್ಷಿ ಗಡಿಯಾರ ನೋಡಿದಳು. ಹನ್ನೊಂದು ಮುಕ್ಕಾಲು. ಜನವರಿ. ಈ ಹೊತ್ತಿಗೆ ಉಪ್ಪುಂದದ ನಾಡದೋಣಿಗಳು ಬಲೆ ಬಿಟ್ಟು ದಡದಿಂದ ಎರಡು ಮೂರು ಕಿಲೋಮೀಟರಿನೊಳಗೇ ಇರುತ್ತವೆ. ಅದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಅವಳಿಗೆ ಅದು ಹುಟ್ಟಿದಂದಿನಿಂದ ಗೊತ್ತು.

"ಬೈಂದೂರಿನ ದಕ್ಷಿಣಕ್ಕೆ, ಉಪ್ಪುಂದದ ಎದುರು" ಎಂದಳು. "ಅಲ್ಲಿ ದೋಣಿಗಳಿರುತ್ತವೆ."

"ದೋಣಿಗಳ ಮೇಲೇ ಬಿದ್ದರೆ?" ಎಂದ ಬಾಣ ಎರಡು.

"ಮುಂದೆ ಹೋಗಿ ಜಾಗ ನೋಡಿ" ಎಂದಳು ಹರಿಣಾಕ್ಷಿ. ಆ ದೋಣಿಗಳಲ್ಲಿ ಒಂದು ಜಿತೇಂದ್ರನದು. ಎಂಟು ಜನ ಇರುತ್ತಾರೆ. ಎಲ್ಲರ ಮನೆಯಲ್ಲೂ ಅವಳು ಊಟ ಮಾಡಿದ್ದಾಳೆ.

ಯುದ್ಧವಿಮಾನಗಳು ಮುಂದೆ ಹೋಗಿ ನೋಡಿ ಬಂದವು. ಒಂಬತ್ತು ದೋಣಿಗಳಿವೆ, ನಡುವೆ ಸುಮಾರು ಒಂದು ಕಿಲೋಮೀಟರಿನಷ್ಟು ತೆರೆದ ನೀರಿದೆ ಎಂದು ತಿಳಿಸಿದವು. ಸುಶಾಂತ್ ಒಂದೊಂದೇ ಮೆಟ್ಟಿಲು ಇಳಿಸಿದ ಹಾಗೆ ವಿಮಾನವನ್ನು ಇಳಿಸಿದರು. ವೇಗದ ಹಿಡಿಕೆ ಇಷ್ಟು ಹಿಂದೆ. ಇನ್ನಷ್ಟು. ಬೆಲ್ಟ್ ಬಿಗಿ ಮಾಡು. ಬಾಗಿಲ ಚಿಲಕ ತೆಗೆದು ಸಂದಿನಲ್ಲಿ ಚೀಲ ಸಿಕ್ಕಿಸು.

"ಪೈಲಟ್ರನ್ ಬಿಟ್ಟ್‌ಬಿಡ್" ಎಂದಳು ಹರಿಣಾಕ್ಷಿ. "ನೀರಿಗ್ ಬಿದ್ ಕೂಡ್ಲೆ ನಿನ್ ಬೆಲ್ಟ್ ತೆಗಿ, ಬಾಗ್ಲಂಗ್ ಹೊರ್ಗ್ ಬಾ. ಯಾರನ್ನೂ ಎಳುಕೆ ಹೋಯ್ಬ್ಯಾಡ. ಕೇಂಡ್ತಾ?"

ಈ ಸಲ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು.

"ಈಗ ಕೆಂಪ್ ಹಿಡಿಕಿ ಪೂರಾ ಎಳಿ. ಇಂಜಿನ್ ನಿಲ್ತ್. ಹೆದ್ರಬ್ಯಾಡ. ನಮ್ಮನ್ಯೋರೇ ಕೆಳ್ಗ್ ಇದ್ರ್."

ಅದಕ್ಕೆ ಉತ್ತರ ಬರಲಿಲ್ಲ. ಹದಿನಾರು ಸಾವಿರ ಅಡಿ ಮೇಲಿಂದ ಹರಿಣಾಕ್ಷಿಗೆ ಕಂಡದ್ದು ನೀಲಿಯ ಮೇಲೆ ಒಂದು ಬಿಳಿ ಗೀರು, ಅದರ ತುದಿಯಲ್ಲಿ ಅರಳಿದ ನೊರೆ, ಅಷ್ಟೇ.

"ಮಗುಚಿತು" ಎಂದ ಬಾಣ ಒಂದು. "ದೋಣಿಗಳು ಹೊರಟಿವೆ. ಒಂದು ಬಲೆ ಕಡಿದುಕೊಂಡು ಬರುತ್ತಿದೆ. ಯಾರೋ ನೀರಿಗೆ ಹಾರಿದರು." ತುಂಬ ಹೊತ್ತಿನ ಮೇಲೆ, "ಒಂದು ತಲೆ ಕಾಣುತ್ತಿದೆ" ಎಂದ.

"ಒಂದೇ?" ಎಂದು ಸುಶಾಂತ್ ಕೇಳಿದರು.

"ಒಂದೇ."

ಇವರ ಇಂಧನ ಕಡಿಮೆಯಾಗಿತ್ತು. ಮಂಗಳೂರಿಗೆ ಮರಳಿ ಇಳಿದರು. ಪ್ರಯಾಣಿಕರು ತಡವಾದದ್ದಕ್ಕೆ ಗೊಣಗುತ್ತ ಹೋದರು. ಒಬ್ಬಾತ ದೂರು ಬರೆದುಕೊಡಲು ಕಾಗದ ಕೇಳಿದ. ಹರಿಣಾಕ್ಷಿ ಫೋನು ಆನ್ ಮಾಡಿದ ಕೂಡಲೇ ಜಿತೇಂದ್ರನ ಕರೆ ಬಂತು. ಅವನಿಗೆ ಇನ್ನೂ ಏದುಸಿರು.

"ತಂಗೀ, ಇಲ್ಲಿ ಒಂದ್ ವಿಮಾನ ಬಿದ್ದಿತ್. ನಿಂದೇನೋ ಅಂದ್ಕಂಡ್ ಜೀವ ಹೋಯ್ತ್ ಮಾರಾಯ್ತಿ."

"ನಂದಲ್ಲ ಅಣ್ಣ."

"ಒಂದ್ ಹೆಣ್ಣನ್ ಎಳ್ದ್ ತಂದ್ಯೊ. ನಮ್ ದೋಣಿಯ ನಾಗು, ನಾನ್, ಇಬ್ರೂ ಹಾರದ್ದ್. ಮತ್ತೊಬ್ರ್ ಒಳ್ಗಿದ್ರ್. ಎರಡ್ ಸಲ ಮುಳ್ಗ್ದೆ. ಬೆಲ್ಟ್ ಬಿಡ್ಸುಕ್ ಆಯ್ಲಿಲ್ಲೆ. ಅಷ್ಟೊತ್ತಿಗ್ ಅದ್ ತಳಕ್ಕ್ ಹೋಯ್ತ್." ಅವನು ಕೆಮ್ಮಿ ಉಪ್ಪುನೀರು ಉಗಿದ. "ಆಯ್ಲಿಲ್ಲೆ" ಎಂದು ಇನ್ನೊಮ್ಮೆ ಹೇಳಿದ.

ವಿನಯಾ ಕುಂದಾಪುರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದಳು. ಉಳಿದಳು. ಇಂಜಿನ್ನಿನ ಹೊಗೆಕೊಳವೆ ಎಷ್ಟೋ ದಿನದಿಂದ ಬಿರುಕು ಬಿಟ್ಟಿತ್ತೆಂದೂ, ಕಂಪನಿ ಅದನ್ನು ಬದಲಿಸದೆ ಮುಂದೂಡಿತ್ತೆಂದೂ ತನಿಖೆಯಲ್ಲಿ ಹೊರಬಿತ್ತು. ಚಿತ್ರ ತೆಗೆಯಲು ಅವಳ ಕಡೆಯ ಕಿಟಕಿ ಸ್ವಲ್ಪ ತೆರೆದಿದ್ದುದರಿಂದ ಅವಳಿಗೆ ಎಚ್ಚರ ಉಳಿದಿತ್ತು. ಕ್ಯಾಮೆರಾದ ವೈರು ಸರಿಸುವಾಗ ಮೈಕಿನ ಪಿನ್ನು ಕಳಚಿಕೊಂಡದ್ದು ಮಾತ್ರ ಅವಳಿಗೆ ತಿಳಿಯಲಿಲ್ಲ. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳ ಕೂಗು ಯಾರಿಗೂ ಕೇಳಿಸುತ್ತಿರಲಿಲ್ಲ.

ಹರಿಣಾಕ್ಷಿಯನ್ನು ತನಿಖೆಗೆ ಎರಡು ಸಲ ಕರೆದರು. ಎರಡನೆಯ ಸಲ ಒಬ್ಬ ಅಧಿಕಾರಿ, ಸೌಮ್ಯ ಮನುಷ್ಯ, ಕಡತ ಮಗುಚುತ್ತ ಕೇಳಿದ: "ಪೈಲಟ್ ಉಸಿರಾಡುತ್ತಿಲ್ಲ ಎಂದು ಆ ಹುಡುಗಿ ಎರಡು ಸಲ ಒತ್ತಿದಳು, ಅಲ್ಲವೆ? ನೀವು ಮತ್ತೊಮ್ಮೆ ಕೇಳಲಿಲ್ಲ?"

"ಇಲ್ಲ."

ಅವನು ಕಡತ ಮುಚ್ಚಿದ. "ನಿಮ್ಮ ತಪ್ಪೆಂದು ಹೇಳುತ್ತಿಲ್ಲ. ವಿಮಾನ ಮೇಲೆತ್ತಿದ ಮೇಲೆ ಮಾಡಿದ ಮರಣೋತ್ತರ ಪರೀಕ್ಷೆಯಲ್ಲಿ ಅವರ ಶ್ವಾಸಕೋಶದಲ್ಲಿ ಕಡಲ ನೀರಿತ್ತು. ನೀರಿಗೆ ಬಿದ್ದಾಗ ಅವರು ಬದುಕಿದ್ದರು."

ಆ ರಾತ್ರಿಯಿಂದ ಅವಳಿಗೆ ಅನ್ನ ಸೇರಲಿಲ್ಲ. ವರದಿ ಇವತ್ತಲ್ಲ ನಾಳೆ ಹೊರಗೆ ಬರುತ್ತದೆ. ಬಾರ್ಕೂರಿನ ಆ ಹುಡುಗಿ ಅದನ್ನು ಪತ್ರಿಕೆಯಲ್ಲೋ, ಫೋನಿನಲ್ಲಿ ಯಾರೋ ಕಳಿಸಿದ ಸುದ್ದಿಯಲ್ಲೋ ಓದುವುದನ್ನು ನೆನೆದರೆ ಹರಿಣಾಕ್ಷಿಗೆ ಸಹಿಸಲಾಗುತ್ತಿರಲಿಲ್ಲ. ಹೇಳುವುದಿದ್ದರೆ ತಾನೇ ಹೇಳಬೇಕು.

ಮಾರ್ಚಿನ ಒಂದು ಶನಿವಾರ ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ ಬಾರ್ಕೂರಿಗೆ ಹೋದಳು. ಹೊಳೆಯ ಬದಿಯ ಮನೆ. ಕೊಯ್ದ ಗದ್ದೆಯಲ್ಲಿ ಉದ್ದಿನ ಗಿಡ ಒಣಗಿ ನಿಂತಿತ್ತು. ವಿನಯಾಳ ತಾಯಿ ಚಂದ್ರಮತಿ ಅವಳನ್ನು ಕಂಡು ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು.

"ಬನ್ನಿ ಬನ್ನಿ, ಒಳ್ಗ್ ಬನ್ನಿ. ನಮ್ ಹೆಣ್ಣಿನ್ ಜೀವ ಉಳ್ಸದ್ದ್ ನೀವ್. ನಿಮ್ ಅಣ್ಣಯ್ಯನ್ನೂ ಕರ್ಕಂಡ್ ಬರ್ಕಿತ್ತ್."

"ಇನ್ನೊಂದ್ ಸಲ ಇಬ್ರೂ ಬತ್ತೊ, ಅಮ್ಮ" ಎಂದಳು ಹರಿಣಾಕ್ಷಿ.

ವಿನಯಾ ಹಿಂದಿನ ಜಗಲಿಯಲ್ಲಿ ಕುಳಿತಿದ್ದಳು. ಇಪ್ಪತ್ಮೂರು ವರ್ಷದ, ಸಣಕಲು ದೇಹದ ಹುಡುಗಿ. ಹಣೆಯ ಮೇಲೆ ಹೊಲಿಗೆಯ ಗುರುತು. ತಾಯಿ ಅಡುಗೆಗೆ ಒಳಗೆ ಹೋದ ಮೇಲೆ ಅವಳೇ ಮಾತು ತೆಗೆದಳು.

"ನಿಮ್ ಸ್ವರ ಕೇಂಡ್ ಕೂಡ್ಲೆ ಗೊತ್ತಾಯ್ತ್ ಅಕ್ಕ. ನನ್ ಹೆಸ್ರ್ ಹಿಡ್ದ್ ಕರುಕಿಂತ ಮೊದ್ಲೇ ನಂಗ್ ಆ ಸ್ವರ ಗೊತ್ತಿತ್ತ್. ಯಾರೂ ಉಳಿಲಿಲ್ಲೆ ಅಂತ ಹೇಳದ್ದೂ ನೀವೇ, ಅಲ್ದಾ?"

ಹರಿಣಾಕ್ಷಿಗೆ ತಲೆ ಎತ್ತಲಾಗಲಿಲ್ಲ. "ಹೌದ್. ನಾನೇ. ತಪ್ಪಾಯ್ತ್."

"ಅವ್ರೆಲ್ಲ ಮಾತಾಡದ್ದ್ ನಂಗ್ ಕೇಂತಿತ್ತ್. ಕಡಲ ಮೇಲಿಪ್ಪತಿಗೇ ಮಾಡ್ಕ್ ಅಂದದ್ದೂ ಕೇಂಡ್ತ್. ಎಂತ ಮಾಡ್ತ್ರ್ ಅಂತ ಗೊತ್ತಾಯ್ತ್. ಕೂಗಿ ಕೂಗಿ ಸಾಕಾಯಿ ಸುಮ್ನೆ ಕೂತಿದ್ದೆ. ನೀವ್ ಹಾಂಗ್ ಅಂದಾಗ ಮಾತ್ರ ಎಂತದೋ ಸಿಟ್ಟ್ ಬಂತ್. ಇಲ್ಲೇ ಇದ್ದೆ ನಾನ್, ಸಾಯ್ಲಿಲ್ಲ ಅಂತ ಒತ್ತದ್ದ್."

ಒಳಗೆ ಒಗ್ಗರಣೆಯ ಸದ್ದು. ಹರಿಣಾಕ್ಷಿ ಇನ್ನು ತಡೆದರೆ ಹೇಳಲಾರೆನೆಂದುಕೊಂಡಳು.

"ವಿನಯಾ, ಒಂದ್ ಮಾತ್ ಹೇಳುಕ್ ಬಂದೆ. ನಿನ್ ಪೈಲಟ್ರ್ ನೀರಿಗ್ ಬಿದ್ದಾಗ ಸತ್ತಿರ್ಲಿಲ್ಲ ಅಂತ ವರದಿ ಬಂದಿತ್. ನಿಂಗ್ ಗೊತ್ತಾಪ್ಕ್ ಸಾಧ್ಯ ಇರ್ಲಿಲ್ಲ. ಅವ್ರನ್ನ್ ಬಿಟ್ಟ್ ಬಾ ಅಂತ ಹೇಳದ್ದ್ ನಾನ್. ಅದ್ ನನ್ ಮೇಲೆ ಇರ್ಲಿ, ನಿನ್ ಮೇಲಲ್ಲ."

ಹುಡುಗಿ ಅಳುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದಳು. ವಿನಯಾ ಗದ್ದೆಯ ಕಡೆಗೇ ನೋಡುತ್ತ ಕುಳಿತಿದ್ದಳು.

"ಗೊತ್ತಿತ್ತ್" ಎಂದಳು.

"ಎಂತ?"

"ನೀರ್ ಒಳ್ಗ್ ಬಂದಾಗ ಅವ್ರ್ ನನ್ ಕೈ ಹಿಡ್ಕಂಡ್ರ್. ಗಟ್ಟಿ ಹಿಡ್ಕಂಡಿದ್ರ್, ಅಕ್ಕ. ನಾನ್ ಬೆರಳ್ ಒಂದೊಂದೇ ಬಿಡ್ಸ್‌ಕಂಡ್ ಬಂದೆ." ತನ್ನ ಎಡಗೈ ಮಣಿಕಟ್ಟನ್ನು ಅವಳು ಬಲಗೈಯಿಂದ ಮುಚ್ಚಿಕೊಂಡಳು. "ಪೊಲೀಸ್ರಿಗ್ ಹೇಳ್ಲಿಲ್ಲ. ಅಬ್ಬಿಗೂ ಹೇಳ್ಲಿಲ್ಲ" ಎಂದು ತಾಯಿ ಇದ್ದ ಅಡುಗೆಮನೆಯ ಕಡೆ ನೋಡಿದಳು.

ಸಮಾಧಾನದ ಮಾತು ಹರಿಣಾಕ್ಷಿಯ ನಾಲಗೆಯ ತುದಿಗೆ ಬಂದರೂ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಹುಡುಗಿಯ ಪಕ್ಕಕ್ಕೆ ಸರಿದು ಕುಳಿತಳು. "ಅವ್ರಿಗ್ ಮನೆಯಲ್ ಯಾರ್ ಇದ್ರ್?" ಎಂದು ವಿನಯಾಳೇ ಕೇಳಿದಳು.

"ಹೆಂಡತಿ ಇದ್ರಂಬ್ರ್. ನಾಗಪುರದಲ್ಲಿ."

"ನೀವ್ ಬತ್ತ್ರಾ ನನ್ನೊಟ್ಟಿಗೆ?"

"ಬತ್ತೆ."

ಚಂದ್ರಮತಿ ಬಾಗಿಲಿಗೆ ಬಂದು ಊಟಕ್ಕೆ ಕರೆದಳು. ಕುಚ್ಚಲಕ್ಕಿ ಅನ್ನ, ಏಡಿ ಸಾರು. ಇಬ್ಬರೂ ಎದ್ದು ಕೈ ತೊಳೆದುಕೊಂಡರು. ತಲೆ ತಗ್ಗಿಸಿ ಉಂಡರು. ಹೆಣ್ಣುಮಕ್ಕಳಿಗೆ ಹಸಿವಾಗಿದೆ ಎಂದುಕೊಂಡು ಚಂದ್ರಮತಿ ಮತ್ತೆ ಮತ್ತೆ ಬಡಿಸಿದಳು.

ಏಪ್ರಿಲ್ ಮೊದಲ ವಾರ ಅವರು ನಾಗಪುರಕ್ಕೆ ಹೋದರು. ವಿನಯಾ ವಿಮಾನ ಹತ್ತಲು ಒಪ್ಪಲಿಲ್ಲ, ರೈಲಿನಲ್ಲಿ ಹೋದರು.